“ಮೆತ್ತಗಿನವು ಆದ್ರ ಯಾವ ಟೈಮಿಗೆ ಬೇಕ್ರೀ?”: ಆನ್‌ಲೈನ್ ಆರ್ಡರ್ ಫಾರ್ಮಿನಲ್ಲಿ ಷರತ್ತುಗಳು ಕೆಲಸ ಮಾಡುವ ಬಗೆ

ಹುಬ್ಬಳ್ಳಿ–ಧಾರವಾಡದಲ್ಲಿ ಮನೆಯಲ್ಲಿಯೇ ರೊಟ್ಟಿ ಬಡಿದು, ಹಿಂಡಿ ಕುಟ್ಟಿ, ಹೋಳಿಗೆ ಮಾಡಿ ಮಾರುವ ಹೆಣ್ಣುಮಕ್ಕಳು ಓಣಿಗೊಬ್ಬರಂತೆ ಸಿಗುತ್ತಾರೆ. ಅವರಿಗೆ ಆರ್ಡರು ಬರುವುದು ಹೆಚ್ಚಾಗಿ ಫೋನಿನಲ್ಲಿ, ಇಲ್ಲವೇ ವಾಟ್ಸಾಪಿನಲ್ಲಿ. ಹಬ್ಬ ಹತ್ತಿರವಾದಂತೆ ಸಂದೇಶಗಳು ಒಂದರ ಮೇಲೊಂದು ಬಿದ್ದು, ಯಾರಿಗೆ ಎಷ್ಟು ಶೇಂಗಾ ಹೋಳಿಗೆ, ಯಾರಿಗೆ ಯಾವ ದಿನ ಎಂಬುದು ತಪ್ಪತೊಡಗಿದಾಗ ಮನೆಯ ಮಗನೋ ಸೊಸೆಯೋ ಒಂದು ಆನ್‌ಲೈನ್ ಫಾರ್ಮ್ ಮಾಡಿಕೊಡುತ್ತಾರೆ. ಆ ಫಾರ್ಮಿನಲ್ಲಿ ಇಪ್ಪತ್ತೈದು ಪ್ರಶ್ನೆಗಳಿರುತ್ತವೆ, ಮತ್ತು ಕಾಲು ಕಿಲೋ ಗುರೆಳ್ಳು ಹಿಂಡಿ ಬೇಕೆಂದು ಬಂದವರಿಗೂ ಆ ಇಪ್ಪತ್ತೈದೂ ಪ್ರಶ್ನೆಗಳು ಎದುರಾಗುತ್ತವೆ. ಬಂದವರು ಅರ್ಧಕ್ಕೆ ಬಿಟ್ಟು ಮತ್ತೆ ಫೋನನ್ನೇ ಮಾಡುತ್ತಾರೆ.

ಇದಕ್ಕೆ ಪರಿಹಾರವಾಗಿ ಕೇಳಿಬರುವ ಮಾತು ‘ಕಂಡೀಷನಲ್ ಲಾಜಿಕ್’, ಅಂದರೆ ಷರತ್ತಿನ ತರ್ಕ. ಗ್ರಾಹಕರು ಕೊಟ್ಟ ಒಂದು ಉತ್ತರವನ್ನು ನೋಡಿ ಮುಂದಿನ ಪ್ರಶ್ನೆ ಯಾವುದು, ಯಾವುದು ಬೇಡ ಎಂಬುದನ್ನು ಫಾರ್ಮೇ ನಿರ್ಧರಿಸುವ ವ್ಯವಸ್ಥೆಗೆ ಈ ಹೆಸರು. ಹೆಸರು ಹೊಸದಾದರೂ ಅದರ ಹಿಂದಿನ ಕೆಲಸ ಈ ಮಾರಾಟಗಾರರಿಗೆ ಹೊಸದಲ್ಲ.

ಫೋನಿನಲ್ಲಿ ಮೊದಲೇ ಇದ್ದ ತರ್ಕ

ಧಾರವಾಡದಲ್ಲಿ ರೊಟ್ಟಿ ವ್ಯಾಪಾರ ಮಾಡುವ ಪರಿಚಿತರೊಬ್ಬರಿಗೆ ಫಾರ್ಮ್ ಮಾಡಿಕೊಡಲು ಹೋದಾಗ ನಾನು ಮೊದಲ ದಿನ ಕಂಪ್ಯೂಟರನ್ನು ತೆರೆಯದೆ, ಅವರು ಫೋನಿನಲ್ಲಿ ಮಾತನಾಡುವುದನ್ನು ಮಾತ್ರ ಬರೆದುಕೊಂಡೆ. ಹಂಚಿನ ಮೇಲೆ ರೊಟ್ಟಿ, ಹೆಗಲಿಗೂ ಕಿವಿಗೂ ನಡುವೆ ಫೋನು. “ಎಷ್ಟು ಬೇಕ್ರೀ? ಖಡಕ್ ಬೇಕೋ, ಮೆತ್ತಗಿನವು ಬೇಕೋ?” ಎಂಬುದು ಪ್ರತಿಯೊಬ್ಬರಿಗೂ ಕೇಳುವ ಮೊದಲ ಪ್ರಶ್ನೆ. ಆ ಕಡೆಯವರು ಖಡಕ್ ಎಂದರೆ, “ಹಂಗಾರ ಊರು ಯಾವ್ದರೀ? ಪಿನ್‌ಕೋಡ್ ಹೇಳ್ರಿ” ಎನ್ನುತ್ತಿದ್ದರು. ಮೆತ್ತಗಿನವು ಎಂದರೆ, “ಮೆತ್ತಗಿನವು ಆದ್ರ ಯಾವ ಟೈಮಿಗೆ ಬೇಕ್ರೀ? ಇಲ್ಲೇ ಊರಾಗ ಇದ್ದೀರಿಲ್ಲೋ?” ಎನ್ನುತ್ತಿದ್ದರು.

ಖಡಕ್ ರೊಟ್ಟಿ ಒಣಗಿದ ಪದಾರ್ಥವಾದ್ದರಿಂದ ವಾರಗಟ್ಟಲೆ ಇರುತ್ತದೆ ಮತ್ತು ಕೊರಿಯರಿನಲ್ಲಿ ಪುಣೆಗೂ ಬೆಂಗಳೂರಿಗೂ ಹೋಗುತ್ತದೆ. ಮೆತ್ತನೆಯ ರೊಟ್ಟಿಯನ್ನು ಅದೇ ದಿನ ತಿನ್ನಬೇಕು. ಆದ್ದರಿಂದ ಒಬ್ಬರಿಗೆ ಪಿನ್‌ಕೋಡ್ ಮುಖ್ಯ, ಇನ್ನೊಬ್ಬರಿಗೆ ಗಳಿಗೆ ಮುಖ್ಯ. ಇಬ್ಬರಿಗೂ ಎರಡನ್ನೂ ಕೇಳುವುದರಲ್ಲಿ ಅರ್ಥವಿಲ್ಲ. ಆ ಹೆಣ್ಣುಮಗಳ ಬಾಯಿಯಲ್ಲಿ ಬಂದ ‘ಆದ್ರ’ ಎಂಬ ಎರಡಕ್ಷರವೇ ಕಂಪ್ಯೂಟರಿನ ಷರತ್ತು. ಕನ್ನಡದಲ್ಲಿ ಷರತ್ತನ್ನು ಹೇಳಲು ಬೇರೆ ಪದವೂ ಬೇಕಿಲ್ಲ. ಬಂದರೆ, ಕೊಟ್ಟರೆ, ಆದರೆ ಎಂದು ಕ್ರಿಯಾಪದದ ಕೊನೆಗೆ ಬರುವ ‘ರೆ’ ಆ ಭಾರವನ್ನೆಲ್ಲ ಹೊರುತ್ತದೆ.

ಒಂದು ಷರತ್ತಿನ ಒಳಗೆ ಏನಿರುತ್ತದೆ

ಫಾರ್ಮಿನಲ್ಲಿ ಉತ್ತರ ತುಂಬುವ ಪ್ರತಿಯೊಂದು ಜಾಗಕ್ಕೆ ಖಾನೆ ಎನ್ನೋಣ. ಷರತ್ತೊಂದನ್ನು ಬರೆಯುವಾಗ ಮೂರು ಸಂಗತಿಗಳನ್ನು ಹೇಳಬೇಕಾಗುತ್ತದೆ: ಯಾವ ಖಾನೆಯನ್ನು ನೋಡಬೇಕು, ಅದರಲ್ಲಿ ಏನಿದ್ದರೆ, ಏನು ಮಾಡಬೇಕು. ‘ರೊಟ್ಟಿಯ ಬಗೆ ಎಂಬ ಖಾನೆಯಲ್ಲಿ ಮೆತ್ತನೆಯದು ಎಂದಿದ್ದರೆ ವೇಳೆ ಎಂಬ ಖಾನೆಯನ್ನು ತೋರಿಸು’ ಎಂಬುದು ಒಂದು ಪೂರ್ಣ ಷರತ್ತು. ಮಾಡಬೇಕಾದ ಕೆಲಸ ತೋರಿಸುವುದೇ ಆಗಿರಬೇಕೆಂದಿಲ್ಲ. ಖಾನೆಯನ್ನು ಮರೆಮಾಡುವುದು, ಕಡ್ಡಾಯಗೊಳಿಸುವುದು, ಬೇರೆ ಪುಟಕ್ಕೆ ಕರೆದೊಯ್ಯುವುದು, ಸಾಗಣೆ ವೆಚ್ಚ ಸೇರಿಸುವುದು ಅಥವಾ ‘ಈ ಊರಿಗೆ ಕಳಿಸಲಾಗುವುದಿಲ್ಲ’ ಎಂದು ಅಲ್ಲಿಯೇ ನಿಲ್ಲಿಸುವುದು ಕೂಡ ಆಗಬಹುದು.

ಯಂತ್ರವು ಇಲ್ಲಿ ಕೇಳಿಕೊಳ್ಳುವ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರಗಳಿವೆ. ಮಾತಿನ ತರ್ಕವನ್ನು ಹೀಗೆ ಹೌದು–ಅಲ್ಲಗಳ ಬೀಜಗಣಿತವಾಗಿ ಬರೆಯಬಹುದೆಂದು ಇಂಗ್ಲೆಂಡಿನ ಗಣಿತಜ್ಞ ಜಾರ್ಜ್ ಬೂಲ್ 1847ರಲ್ಲಿ ಮತ್ತು ಇನ್ನೂ ವಿಸ್ತಾರವಾಗಿ 1854ರಲ್ಲಿ ಪ್ರಕಟಿಸಿದ. ಇಂದಿನ ಫಾರ್ಮುಗಳ ಷರತ್ತುಗಳೆಲ್ಲ ಅದೇ ಬೀಜಗಣಿತದ ಮೇಲೆ ನಿಂತಿವೆ, ಮತ್ತು ಅದರ ಪ್ರಕಾರ ‘ಸ್ವಲ್ಪ ಮಟ್ಟಿಗೆ ಹೌದು’ ಎಂಬುದು ಇಲ್ಲ. “ಅರ್ಧ ಖಡಕ್, ಅರ್ಧ ಮೆತ್ತಗಿನವು ಕೊಡ್ರಿ” ಎನ್ನುವ ಗ್ರಾಹಕರಿಗೆ ಮೂರನೆಯ ಆಯ್ಕೆಯೊಂದನ್ನು ನಾವೇ ಇಡದಿದ್ದರೆ ಫಾರ್ಮಿಗೆ ಅವರು ಅರ್ಥವಾಗುವುದಿಲ್ಲ.

ಷರತ್ತು ಬೇಡದ ಜಾಗ

ಷರತ್ತಿನ ರುಚಿ ಹತ್ತಿದ ಮೇಲೆ ಎಲ್ಲದಕ್ಕೂ ಅದನ್ನೇ ಹಾಕುವ ಅಭ್ಯಾಸ ಬೆಳೆಯುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ತಯಾರಿಸುವ ರಾಷ್ಟ್ರಧ್ವಜವನ್ನು ನೆನೆಯೋಣ. ಧ್ವಜಸಂಹಿತೆಯು 6300×4200 ಮಿಲಿಮೀಟರಿನಿಂದ 150×100 ಮಿಲಿಮೀಟರಿನವರೆಗೆ 9 ಗಾತ್ರಗಳನ್ನು ಹೇಳುತ್ತದೆ ಮತ್ತು ಎಲ್ಲದರಲ್ಲಿಯೂ ಉದ್ದ–ಅಗಲದ ಅನುಪಾತ 3:2. ಇಂತಹ ವಸ್ತುವಿಗೆ ಆರ್ಡರ್ ಫಾರ್ಮ್ ಮಾಡುವವರು ‘ಉದ್ದ 900 ಆದರೆ ಅಗಲದ ಖಾನೆಯಲ್ಲಿ 600 ತೋರಿಸು’ ಎಂದು ಒಂಬತ್ತು ಷರತ್ತುಗಳನ್ನು ಬರೆಯಬೇಕಾಗಿಲ್ಲ. ಒಂಬತ್ತು ಗಾತ್ರಗಳ ಒಂದು ಪಟ್ಟಿ ಸಾಕು. ಒಂದು ಉತ್ತರದಿಂದ ಇನ್ನೊಂದು ತಾನಾಗಿಯೇ ತಿಳಿಯುವಂತಿದ್ದರೆ ಎರಡನೆಯ ಖಾನೆಯೇ ಬೇಡ. ಒಂದು ಉತ್ತರದಿಂದಾಗಿ ಹೊಸದೊಂದು ಪ್ರಶ್ನೆ ಹುಟ್ಟುವುದಾದರೆ ಮಾತ್ರ ಷರತ್ತು ಬೇಕು.

ಬ್ಯಾಡಗಿ ಮೆಣಸಿನಕಾಯಿಯ ಮಾತು ಬೇರೆ. ತೆಳ್ಳಗೆ, ಸುಕ್ಕುಸುಕ್ಕಾಗಿರುವ ಕಡ್ಡಿ, ದಪ್ಪಗೆ, ಹೆಚ್ಚು ಬೀಜವಿರುವ ಡಬ್ಬಿ ಎಂದು ಎರಡು ಬಗೆಗಳಿವೆ. ಗ್ರಾಹಕರು ಇಡೀ ಕಾಯಿಯನ್ನು ಕೇಳಬಹುದು, ಪುಡಿಯನ್ನೂ ಕೇಳಬಹುದು. ಇಡೀ ಕಾಯಿಯಾದರೆ ತೊಟ್ಟು ಸಮೇತವೋ, ತೊಟ್ಟು ತೆಗೆದದ್ದೋ ಎಂದು ಕೇಳಬೇಕು. ಮೂರು ಪ್ರಶ್ನೆಗಳನ್ನೂ ಎಲ್ಲರಿಗೂ ಕೇಳಿದರೆ 2×2×2, ಅಂದರೆ 8 ಬಗೆಯ ಆರ್ಡರುಗಳು ಬರಬಹುದು, ಮತ್ತು ‘ತೊಟ್ಟು ಸಮೇತ ಪುಡಿ’ ಎಂಬ ಅರ್ಥವಿಲ್ಲದ ಆರ್ಡರೂ ಅವುಗಳಲ್ಲಿ ಸೇರಿರುತ್ತದೆ. ತೊಟ್ಟಿನ ಪ್ರಶ್ನೆಯನ್ನು ಇಡೀ ಕಾಯಿ ಬೇಕೆಂದವರಿಗೆ ಮಾತ್ರ ತೋರಿಸಿದಾಗ ಉಳಿಯುವುದು 6. ಪ್ರಶ್ನೆ ಕಡಿಮೆಯಾದುದಕ್ಕಿಂತಲೂ ಆಗಲಾರದ ಆರ್ಡರು ಬರುವ ದಾರಿಯೇ ಮುಚ್ಚಿದ್ದು ಇಲ್ಲಿನ ದೊಡ್ಡ ಲಾಭ.

ಬರೆಸಬೇಕೋ, ಆರಿಸಬೇಕೋ

ಷರತ್ತು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುತ್ತದೆ. ಊರಿನ ಹೆಸರನ್ನು ಗ್ರಾಹಕರೇ ಬೆರಳಚ್ಚಿಸಲಿ ಎಂದು ಬಿಟ್ಟರೆ ಒಬ್ಬರು ‘ಹುಬ್ಬಳ್ಳಿ’ ಎಂದು ಕನ್ನಡದಲ್ಲಿ ಬರೆಯುತ್ತಾರೆ, ಇನ್ನೊಬ್ಬರು 2014ರ ನವೆಂಬರ್ 1ರಿಂದ ಅಧಿಕೃತವಾದ ಕಾಗುಣಿತವನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ, ಮತ್ತೊಬ್ಬರು ಕೈಗೆ ರೂಢಿಯಾದ ಹಳೆಯ ‘ಹುಬ್ಲಿ’ಯನ್ನೇ ಬರೆಯುತ್ತಾರೆ. ಓದುವ ಮನುಷ್ಯರಿಗೆ ಮೂರೂ ಒಂದೇ ಊರು. ಷರತ್ತಿಗೆ ಮೂರು ಬೇರೆ ಬೇರೆ ಊರುಗಳು. ಅಂಕಿಗಳಲ್ಲಿಯೂ ಹೀಗೆಯೇ ಆಗುತ್ತದೆ. ‘50’ ಎಂದು ಬರೆದರೆ ಲೆಕ್ಕಕ್ಕೆ ಸಿಗುತ್ತದೆ, ‘ಐವತ್ತು’ ಎಂದರೆ ಸಿಗುವುದಿಲ್ಲ, ಕನ್ನಡ ಅಂಕಿಯಲ್ಲಿ ‘೫೦’ ಎಂದು ಬರೆದರೂ ಹಲವು ಸಾಧನಗಳು ಅದನ್ನು ಸಂಖ್ಯೆಯೆಂದು ಗುರುತಿಸುವುದಿಲ್ಲ.

ಆದ್ದರಿಂದ ಯಾವ ಉತ್ತರದ ಮೇಲೆ ಷರತ್ತು ನಿಲ್ಲಬೇಕೋ ಆ ಉತ್ತರವನ್ನು ಬರೆಸದೆ, ಪಟ್ಟಿಯಿಂದ ಆರಿಸುವಂತೆ ಮಾಡಬೇಕು. ಆರಿಸುವ ಖಾನೆಯಲ್ಲಿಯೂ ಎರಡು ಬಗೆ. ಗುಂಡಗಿನ ಗುರುತಿರುವಲ್ಲಿ ಒಂದನ್ನು ಮಾತ್ರ ಆರಿಸಬಹುದು. ಚೌಕದ ಗುರುತಿರುವಲ್ಲಿ ಎಷ್ಟನ್ನಾದರೂ ಆರಿಸಬಹುದು. ರೊಟ್ಟಿ, ಹಿಂಡಿ, ಹೋಳಿಗೆ ಮೂರೂ ಬೇಕೆನ್ನುವವರಿಗೆ ಚೌಕವೇ ಬೇಕು. ಆದರೆ ಮೂರನ್ನೂ ಆರಿಸಿದವರನ್ನು ಮುಂದೆ ಯಾವ ಪುಟಕ್ಕೆ ಕಳಿಸಬೇಕೆಂಬ ತೊಡಕು ಆಗಲೇ ಆರಂಭವಾಗುತ್ತದೆ.

‘ಮತ್ತು’ ಎಂದು ಹೇಳಿ ‘ಅಥವಾ’ ಎಂದು ತಿಳಿಯುವ ನಮ್ಮ ರೂಢಿ

ಒಂದಕ್ಕಿಂತ ಹೆಚ್ಚು ಷರತ್ತುಗಳನ್ನು ಜೋಡಿಸಲು ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ಮೂರು ಪದಗಳು ಸಾಕು. ‘ಮತ್ತು’ ಬಂದಲ್ಲಿ ಎರಡೂ ನಿಜವಾಗಿರಬೇಕು. ‘ಅಥವಾ’ ಬಂದಲ್ಲಿ ಒಂದು ನಿಜವಾದರೂ ಸಾಕು. ‘ಅಲ್ಲ’ ಎಂಬುದು ಹೌದನ್ನು ಅಲ್ಲವಾಗಿಸುತ್ತದೆ. ಇಷ್ಟು ಸರಳವಾದ ಜಾಗದಲ್ಲಿಯೇ ಅತಿ ಹೆಚ್ಚು ತಪ್ಪುಗಳಾಗುವುದನ್ನು ನಾನು ನೋಡಿದ್ದೇನೆ. ಅದಕ್ಕೆ ಕಾರಣ ನಮ್ಮ ಆಡುಮಾತೇ.

‘ಹುಬ್ಬಳ್ಳಿ ಮತ್ತು ಧಾರವಾಡದ ಗ್ರಾಹಕರಿಗೆ ಸಾಗಣೆ ಉಚಿತ’ ಎಂಬ ಫಲಕವನ್ನು ಓದಿದ ಯಾರಿಗೂ ಗೊಂದಲವಾಗುವುದಿಲ್ಲ. ಈ ಮಾತನ್ನು ಇದ್ದಂತೆಯೇ ಫಾರ್ಮಿಗೆ ಇಳಿಸಿ ‘ಊರು ಹುಬ್ಬಳ್ಳಿ ಆಗಿದ್ದರೆ ಮತ್ತು ಊರು ಧಾರವಾಡ ಆಗಿದ್ದರೆ’ ಎಂದು ಬರೆದರೆ ಒಬ್ಬರಿಗೂ ಉಚಿತ ಸಾಗಣೆ ಸಿಗುವುದಿಲ್ಲ, ಏಕೆಂದರೆ ಒಂದೇ ಖಾನೆಯಲ್ಲಿ ಒಂದೇ ಸಲಕ್ಕೆ ಎರಡು ಊರುಗಳಿರಲಾರವು. ಮಾತಿನ ‘ಮತ್ತು’ ಇಬ್ಬರು ಗ್ರಾಹಕರನ್ನು ಸೇರಿಸುತ್ತದೆ; ಷರತ್ತಿನ ‘ಮತ್ತು’ ಒಬ್ಬನೇ ಗ್ರಾಹಕನ ಎರಡು ಗುಣಗಳನ್ನು ಸೇರಿಸುತ್ತದೆ. ಇಲ್ಲಿ ಬೇಕಾದದ್ದು ‘ಅಥವಾ’.

ಇದರ ಮಗ್ಗುಲಲ್ಲಿಯೇ ಇನ್ನೊಂದು ಕುಣಿಯಿದೆ. ಹೊರಗಿನ ಊರಿನವರಿಗೆ ಸಾಗಣೆ ವೆಚ್ಚ ಹಾಕಬೇಕೆಂದು ‘ಊರು ಹುಬ್ಬಳ್ಳಿ ಅಲ್ಲದಿದ್ದರೆ ಅಥವಾ ಧಾರವಾಡ ಅಲ್ಲದಿದ್ದರೆ’ ಎಂದು ಬರೆದರೆ ಹುಬ್ಬಳ್ಳಿಯವರಿಗೂ ವೆಚ್ಚ ಬೀಳುತ್ತದೆ: ಅವರ ಊರು ಧಾರವಾಡ ಅಲ್ಲವಷ್ಟೇ! ಇಲ್ಲಿ ‘ಮತ್ತು’ ಬರಬೇಕು. ‘ಅಲ್ಲ’ ಸೇರಿದಾಗ ‘ಮತ್ತು’ವಿನ ಜಾಗಕ್ಕೆ ‘ಅಥವಾ’, ‘ಅಥವಾ’ದ ಜಾಗಕ್ಕೆ ‘ಮತ್ತು’ ಬರಬೇಕೆಂಬ ಈ ನಿಯಮ ಮದುರೈಯಲ್ಲಿ 1806ರಲ್ಲಿ ಹುಟ್ಟಿದ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್‌ನ ಹೆಸರಿನಲ್ಲಿದೆ. ನಿಯಮ ನೆನಪಿಲ್ಲದಿದ್ದರೂ ತೊಂದರೆಯಿಲ್ಲ. ಹುಬ್ಬಳ್ಳಿಯವರೊಬ್ಬರು, ಧಾರವಾಡದವರೊಬ್ಬರು, ಗದಗಿನವರೊಬ್ಬರು ಎಂದು ಮೂವರನ್ನು ಕಲ್ಪಿಸಿಕೊಂಡು, ಬರೆದ ಸಾಲನ್ನು ಒಬ್ಬೊಬ್ಬರ ಮೇಲೂ ಓದಿದರೆ ತಪ್ಪು ಹೊರಬೀಳುತ್ತದೆ.

ಗಡಿಯ ಸಂಖ್ಯೆಗಳಿಗೂ ಇದೇ ಎಚ್ಚರ ಬೇಕು. ‘500 ರೂಪಾಯಿಗಿಂತ ಹೆಚ್ಚು’ ಎಂಬ ಷರತ್ತು ಸರಿಯಾಗಿ 500 ರೂಪಾಯಿಯ ಆರ್ಡರನ್ನು ಹೊರಗಿಡುತ್ತದೆ. ಅವರನ್ನೂ ಸೇರಿಸಿಕೊಳ್ಳಬೇಕಾದರೆ ‘500 ಅಥವಾ ಅದಕ್ಕಿಂತ ಹೆಚ್ಚು’ ಎಂದಿರಬೇಕು.

ಗೂಗಲ್ ಫಾರ್ಮ್ಸ್‌ನಲ್ಲಿ ಇದನ್ನು ಮಾಡುವ ರೀತಿ

ಹಣ ಕೊಡದೆ ಬಳಸಬಹುದಾದ್ದರಿಂದ ಹೆಚ್ಚಿನವರು ಆರಂಭಿಸುವುದು ಗೂಗಲ್ ಫಾರ್ಮ್ಸ್‌ನಿಂದ. ಇದರಲ್ಲಿ ಒಂದೇ ಪುಟದೊಳಗೆ ಒಂದು ಖಾನೆಯನ್ನು ತೋರಿಸಿ ಇನ್ನೊಂದನ್ನು ಮರೆಮಾಡಲು ಬರುವುದಿಲ್ಲ. ಫಾರ್ಮನ್ನು ಸೆಕ್ಷನ್‌ಗಳಾಗಿ, ಅಂದರೆ ಪುಟಗಳಾಗಿ ಒಡೆದು, ಉತ್ತರಕ್ಕೆ ತಕ್ಕ ಸೆಕ್ಷನ್ನಿಗೆ ಕಳಿಸಬೇಕು. ಪ್ರಶ್ನೆಯ ಕೆಳಮೂಲೆಯ ಮೂರು ಚುಕ್ಕಿಗಳನ್ನು ಒತ್ತಿದಾಗ ಉತ್ತರದ ಆಧಾರದ ಮೇಲೆ ಸೆಕ್ಷನ್ನಿಗೆ ಹೋಗುವ ಆಯ್ಕೆ ಕಾಣುತ್ತದೆ. ಒಂದನ್ನೇ ಆರಿಸುವ ಪ್ರಶ್ನೆಗಳಿಗೆ ಮಾತ್ರ, ಅಂದರೆ ಗುಂಡಗಿನ ಗುರುತಿನವುಗಳಿಗೆ ಮತ್ತು ಕೆಳಕ್ಕೆ ತೆರೆಯುವ ಪಟ್ಟಿಗಳಿಗೆ ಇದು ದೊರೆಯುತ್ತದೆ. ಚೌಕದ ಗುರುತಿನ ಪ್ರಶ್ನೆಗೆ ದೊರೆಯುವುದಿಲ್ಲ. ಹಾಗಾಗಿ ರೊಟ್ಟಿ, ಹಿಂಡಿ, ಹೋಳಿಗೆ ಮೂರನ್ನೂ ಮಾರುವವರು ‘ರೊಟ್ಟಿ ಬೇಕೇ? ಹೌದು / ಬೇಡ’, ‘ಹಿಂಡಿ ಬೇಕೇ? ಹೌದು / ಬೇಡ’ ಎಂದು ಒಂದೊಂದನ್ನೇ ಕೇಳುತ್ತಾ ಹೋಗುವುದು ವಾಸಿ.

ಇಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಕಲ್ಲಿದೆ. ಎರಡನೆಯ ಸೆಕ್ಷನ್ ಮೆತ್ತನೆಯ ರೊಟ್ಟಿಯದು, ಮೂರನೆಯದು ಖಡಕ್ ರೊಟ್ಟಿಯದು ಎಂದುಕೊಳ್ಳಿ. ಮೊದಲ ಪ್ರಶ್ನೆಯಲ್ಲಿ ದಾರಿಯನ್ನು ಸರಿಯಾಗಿಯೇ ಒಡೆದಿರುತ್ತಾರೆ. ಆದರೆ ಪ್ರತಿ ಸೆಕ್ಷನ್ ಮುಗಿದ ಮೇಲೆ ಎಲ್ಲಿಗೆ ಹೋಗಬೇಕೆಂಬುದಕ್ಕೆ ಗೂಗಲ್ ತಾನಾಗಿ ಇಟ್ಟಿರುವ ಉತ್ತರ ‘ಮುಂದಿನ ಸೆಕ್ಷನ್ನಿಗೆ’. ಆದ್ದರಿಂದ ಮೆತ್ತನೆಯ ರೊಟ್ಟಿಯ ವೇಳೆಯನ್ನು ತುಂಬಿದವರು ನೇರವಾಗಿ ಖಡಕ್ ರೊಟ್ಟಿಯ ಪಿನ್‌ಕೋಡಿನ ಪುಟಕ್ಕೆ ಹೋಗಿ ನಿಲ್ಲುತ್ತಾರೆ. ಸೆಕ್ಷನ್ನಿನ ತುದಿಯಲ್ಲಿಯೂ ದಾರಿಯನ್ನು ಬದಲಿಸಿ, ಎರಡೂ ಕವಲುಗಳನ್ನು ಹೆಸರು–ಫೋನ್ ಸಂಖ್ಯೆ ಕೇಳುವ ಕೊನೆಯ ಪುಟಕ್ಕೆ ತಂದು ಸೇರಿಸಬೇಕು. ಕವಲು ಒಡೆಯುವುದು ಅರ್ಧ ಕೆಲಸ, ಕೂಡಿಸುವುದು ಉಳಿದರ್ಧ.

ಗೂಗಲ್ ಫಾರ್ಮ್ಸ್ ಮೊತ್ತವನ್ನು ಲೆಕ್ಕ ಹಾಕಿ ತೋರಿಸುವುದಿಲ್ಲ. ಲೆಕ್ಕವನ್ನು ಉತ್ತರಗಳು ಬಂದು ಸೇರುವ ಗೂಗಲ್ ಶೀಟ್‌ನಲ್ಲಿ ಮಾಡಿಕೊಳ್ಳಬೇಕು. ಅಲ್ಲಿ ಪ್ರತಿ ಪ್ರಶ್ನೆಗೆ ಒಂದು ಕಾಲಂ ಇರುತ್ತದೆ ಮತ್ತು ಗ್ರಾಹಕರು ಹಾಯದ ದಾರಿಯ ಕಾಲಂಗಳು ಖಾಲಿಯಾಗಿರುತ್ತವೆ. ಒಂದೇ ಪುಟದಲ್ಲಿ ಖಾನೆಗಳನ್ನು ತೋರಿಸಿ ಮರೆಮಾಡುವುದು, ಮೊತ್ತವನ್ನು ಅಲ್ಲಿಯೇ ಕೂಡಿಸುವುದು ಬೇಕಾದವರಿಗೆ ಜಾಟ್‌ಫಾರ್ಮ್‌ನಂತಹ ಸಾಧನಗಳಿವೆ.

ಮರೆಯಾದ ಖಾನೆಯಲ್ಲಿ ಉಳಿದುಬಿಡುವ ಉತ್ತರ

ಖಾನೆಯನ್ನು ಮರೆಮಾಡುವುದೆಂದರೆ ಅದನ್ನು ಅಳಿಸುವುದಲ್ಲ, ಅದರ ಮೇಲೆ ಒಂದು ಪರದೆ ಎಳೆಯುವುದು. ಪರದೆಯ ಹಿಂದೆ ಖಾನೆ ಇದ್ದೇ ಇರುತ್ತದೆ, ಅದರಲ್ಲಿ ಬರೆದದ್ದೂ ಇರುತ್ತದೆ.

ನಾನು ಮಾಡಿಕೊಟ್ಟ ಆ ರೊಟ್ಟಿಯ ಫಾರ್ಮಿನಲ್ಲಿ ಇದೇ ಆಯಿತು. ಗ್ರಾಹಕರೊಬ್ಬರು ಮೊದಲು ಮೆತ್ತನೆಯ ರೊಟ್ಟಿಯನ್ನು ಆರಿಸಿ, ಮುಂಜಾನೆ 11 ಗಂಟೆಯ ವೇಳೆಯನ್ನು ತುಂಬಿ, ಅನಂತರ ಮನಸ್ಸು ಬದಲಿಸಿ ಖಡಕ್ ರೊಟ್ಟಿಯನ್ನು ಆರಿಸಿದ್ದರು. ವೇಳೆಯ ಖಾನೆ ಅವರ ಕಣ್ಣಿನಿಂದ ಮರೆಯಾಯಿತು; ಆದರೆ ‘11 ಗಂಟೆ’ ಆರ್ಡರಿನ ಜೊತೆಯಲ್ಲಿಯೇ ಬಂತು. ಪಟ್ಟಿಯಲ್ಲಿ ಖಡಕ್ ಎಂದೂ ಇದೆ, 11 ಗಂಟೆ ಎಂದೂ ಇದೆ. ವೇಳೆ ಬರೆದಿದ್ದಾರೆಂದರೆ ಮೆತ್ತಗಿನವೇ ಇರಬೇಕೆಂದು ಆ ಹೆಣ್ಣುಮಗಳು ನಸುಕಿನಲ್ಲಿ ಎದ್ದು ನಲವತ್ತು ರೊಟ್ಟಿ ಬಡಿದಿದ್ದರು. ಆ ತಪ್ಪು ನನ್ನದು. ಖಾನೆಯನ್ನು ಮರೆಮಾಡುವಾಗ ಅದರೊಳಗಿನದನ್ನೂ ಖಾಲಿ ಮಾಡಬೇಕೆಂಬುದನ್ನು ನಾನು ಫಾರ್ಮಿಗೆ ಹೇಳಿರಲಿಲ್ಲ. ಕೆಲವು ಸಾಧನಗಳಲ್ಲಿ ಇದಕ್ಕೆ ಪ್ರತ್ಯೇಕ ಆಯ್ಕೆ ಇರುತ್ತದೆ. ತಾವೇ ಜಾಲಪುಟ ಬರೆಯುವವರು ಮರೆಯಾದ ಖಾನೆಯನ್ನು ನಿಷ್ಕ್ರಿಯಗೊಳಿಸಿದರೆ ಬ್ರೌಸರು ಅದರಲ್ಲಿರುವುದನ್ನು ಕಳಿಸುವುದಿಲ್ಲ.

ಇದರ ಜೋಡಿ ತಪ್ಪೊಂದಿದೆ. ಕಡ್ಡಾಯವೆಂದು ಗುರುತಿಸಿದ ಖಾನೆ ಮರೆಯಾದ ಮೇಲೂ ಕಡ್ಡಾಯವಾಗಿಯೇ ಉಳಿದರೆ, ಗ್ರಾಹಕರು ಕಳಿಸುವ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಫಾರ್ಮ್ ಹೋಗುವುದಿಲ್ಲ, ಏಕೆ ಹೋಗುತ್ತಿಲ್ಲವೆಂಬುದೂ ಅವರಿಗೆ ಕಾಣುವುದಿಲ್ಲ. ಇಂಥವರು ದೂರು ಹೇಳುವುದಿಲ್ಲ, ಸುಮ್ಮನೆ ಬಿಟ್ಟು ಹೋಗುತ್ತಾರೆ; ಆದ್ದರಿಂದ ಈ ತಪ್ಪು ಬಹಳ ದಿನ ಬೆಳಕಿಗೆ ಬರುವುದಿಲ್ಲ. ‘ಕಾಣುತ್ತಿದ್ದರೆ ಮಾತ್ರ ಕಡ್ಡಾಯ’ ಎಂದು ಷರತ್ತಿನೊಳಗೇ ಬರೆಯಬೇಕು.

ಪಿನ್‌ಕೋಡನ್ನು ನಂಬಬಹುದಾದಷ್ಟು

ಸಾಗಣೆಯ ಷರತ್ತನ್ನು ಪಿನ್‌ಕೋಡಿನ ಮೇಲೆ ನಿಲ್ಲಿಸುವುದು ರೂಢಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಆರು ಅಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ ವಲಯವನ್ನು ಹೇಳುತ್ತದೆ. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣಗಳಿಗೆ ಅದು 5. ಧಾರವಾಡ 580001, ಹಾವೇರಿ 581110, ಗದಗ 582101 ಎಂಬುದನ್ನು ನೋಡಿದವರಿಗೆ 580 ಎಂದರೆ ಧಾರವಾಡ ಜಿಲ್ಲೆ, 581 ಎಂದರೆ ಹಾವೇರಿ, 582 ಎಂದರೆ ಗದಗ ಎಂದು ಮೂರೇ ಷರತ್ತುಗಳಲ್ಲಿ ಮುಗಿಸುವ ಆಸೆಯಾಗುತ್ತದೆ.

ಅದು ಸರಿಹೋಗುವುದಿಲ್ಲ. ಧಾರವಾಡ ಜಿಲ್ಲೆಯದೇ ಆದ ಕುಂದಗೋಳ 581113, ಕಲಘಟಗಿ 581204, ನವಲಗುಂದ 582208. ಇತ್ತ 581ರಿಂದಲೇ ಆರಂಭವಾಗುವ 581301 ಸಮುದ್ರದಂಡೆಯ ಕಾರವಾರದ್ದು. ಪಿನ್‌ಕೋಡು ಅಂಚೆ ಬಟವಾಡೆಯ ಅನುಕೂಲಕ್ಕೆ ಮಾಡಿದ್ದು, ಜಿಲ್ಲೆಯ ಗಡಿಯನ್ನು ಹೇಳಲು ಅಲ್ಲ. ಆದ್ದರಿಂದ ಮೊದಲ ಮೂರು ಅಂಕಿಗಳನ್ನು ಹೋಲಿಸುವುದಕ್ಕಿಂತ, ತಾವು ನಿಜವಾಗಿ ತಲುಪಿಸಬಲ್ಲ ಪಿನ್‌ಕೋಡುಗಳನ್ನು ಪೂರ್ತಿಯಾಗಿ ಬರೆದಿಟ್ಟುಕೊಳ್ಳುವುದು ಸರಿ. ಊರೊಳಗೆ ಮಾತ್ರ ಕೊಡುವವರಿಗೆ ಇನ್ನೂ ಸುಲಭ: ವಿದ್ಯಾನಗರ, ಕೇಶ್ವಾಪುರ, ನವನಗರ, ಸಪ್ತಾಪುರ, ಮಾಳಮಡ್ಡಿ ಎಂದು ಬಡಾವಣೆಗಳ ಪಟ್ಟಿಯನ್ನೇ ಕೊಟ್ಟುಬಿಡಬಹುದು.

ಎಲ್ಲ ದಾರಿಯಲ್ಲಿಯೂ ಒಮ್ಮೆ ನಡೆದು ನೋಡುವುದು

ಒಂದರ ಮೇಲೊಂದು ಅವಲಂಬಿಸದ ಹೌದು–ಬೇಡ ಪ್ರಶ್ನೆಗಳು ಮೂರಿದ್ದರೆ ದಾರಿಗಳು 8, ಐದಿದ್ದರೆ 32, ಹತ್ತಿದ್ದರೆ 1024. ಮನೆಯ ವ್ಯಾಪಾರದ ಫಾರ್ಮಿಗೆ ಎಂಟು ಹತ್ತು ದಾರಿಗಳಿಗಿಂತ ಹೆಚ್ಚು ಬೇಕಾಗುವುದು ಅಪರೂಪ. ಹೆಚ್ಚಾದರೆ ಒಂದೇ ಫಾರ್ಮನ್ನು ಎರಡಾಗಿ ಒಡೆಯುವುದು ಒಳ್ಳೆಯದು. ಫಾರ್ಮನ್ನು ಮಾಡುವ ಮೊದಲೇ ಒಂದು ಹಾಳೆಯಲ್ಲಿ ಗೆರೆ ಹಾಕಿ, ಎಡಕ್ಕೆ ಗ್ರಾಹಕರ ಉತ್ತರಗಳು, ಬಲಕ್ಕೆ ಅವರಿಗೆ ಕಾಣಬೇಕಾದ ಪ್ರಶ್ನೆಗಳು ಎಂದು ಸಾಲು ಸಾಲಾಗಿ ಬರೆದರೆ ಯಾವ ಸಾಲಿಗೆ ಉತ್ತರವಿಲ್ಲವೆಂಬುದು ಅಲ್ಲಿಯೇ ತಿಳಿಯುತ್ತದೆ. ಮಾಡಿದ ಮೇಲೆ ಪ್ರತಿ ಸಾಲಿಗೂ ಒಂದೊಂದು ಸುಳ್ಳು ಆರ್ಡರನ್ನು, ಕಂಪ್ಯೂಟರಿನಲ್ಲಲ್ಲ, ಮೊಬೈಲಿನಲ್ಲಿ ತುಂಬಿ ನೋಡಬೇಕು. ಕೆಲವನ್ನು ನಡುವೆ ಹಿಂದಕ್ಕೆ ಹೋಗಿ, ಉತ್ತರ ಬದಲಿಸಿಯೂ ತುಂಬಬೇಕು.

ನಮ್ಮ ಹಾಳೆಯಲ್ಲಿ ಕೊನೆಯವರೆಗೂ ಖಾಲಿ ಉಳಿದಿದ್ದು ‘ಮೆತ್ತನೆಯ ರೊಟ್ಟಿ, ಹೊರಗಿನ ಊರು’ ಎಂಬ ಸಾಲು. ಫಾರ್ಮು ಅವರಿಗೆ ‘ಕಳಿಸಲಾಗುವುದಿಲ್ಲ’ ಎಂದು ಹೇಳಿ ಮುಗಿಸಲಿ ಎಂದು ನಾನು ಬರೆದಿದ್ದೆ. ಅದನ್ನು ಓದಿದ ಆ ಹೆಣ್ಣುಮಗಳು ಒಪ್ಪಲಿಲ್ಲ. “ಗದಗಿನ್ಯಾಗ ಮದುವಿ ಇದ್ದು ಮುನ್ನೂರು ರೊಟ್ಟಿ ಕೇಳಿದ್ರ ನಾ ಒಲ್ಲೆ ಅಂತೀನೇನ್ರೀ? ನಸುಕಿನ್ಯಾಗ ಮಾಡಿ ಮೊದಲನೇ ಬಸ್ಸಿಗೆ ಹಾಕ್ತೀನಿ” ಎಂದರು. ಆದ್ದರಿಂದ ಈಗ ಆ ದಾರಿಯಲ್ಲಿ ಬಂದವರಿಗೆ ಎಷ್ಟು ರೊಟ್ಟಿ ಎಂಬ ಪ್ರಶ್ನೆ ಬರುತ್ತದೆ. ನೂರು ಅಥವಾ ಅದಕ್ಕಿಂತ ಹೆಚ್ಚು ಎಂದವರಿಗೆ, ‘ನಿಮ್ಮ ಫೋನ್ ಸಂಖ್ಯೆ ಬರೆಯಿರಿ, ನಾವೇ ಕರೆ ಮಾಡುತ್ತೇವೆ’ ಎಂಬ ಒಂದು ಖಾನೆ ತೆರೆದುಕೊಳ್ಳುತ್ತದೆ.